ಗುಡಾರದಿಂದ ಹೊಸ ಯೆರೂಸಲೇಮಿನವರೆಗೆ: ಬೈಬಲಿನ ದೇವಾಲಯವನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಪಾಠದ_ತಯಾರಿ
ವಯಸ್ಕರ ಬೈಬಲ್ ತರಗತಿಗೆ ದೇವಾಲಯದ ಬಗ್ಗೆ ನಾಲ್ಕು ವಾರದ ಪಾಠ ಸಿದ್ಧವಾಗಬೇಕು. ತೊಡಕು ಏನೆಂದರೆ ವಚನಗಳನ್ನು ಸಾಲಾಗಿ ಇಟ್ಟರೆ ಒಂದಕ್ಕೊಂದು ಕೂಡುವುದಿಲ್ಲ. 1 ಅರಸುಗಳು 8:10-11ರಲ್ಲಿ ಸೊಲೊಮೋನನ ದೇವಾಲಯದಲ್ಲಿ ದೇವರ ತೇಜಸ್ಸಿನ ಮೇಘ ತುಂಬಿ ಯಾಜಕರು ಒಳಗೆ ನಿಲ್ಲಲಾರದೆ ಹೋಗುತ್ತಾರೆ. ಅದೇ ಅಧ್ಯಾಯದ 27ನೇ ವಚನದಲ್ಲಿ ಕಟ್ಟಿಸಿದ ಸೊಲೊಮೋನನೇ, ಉನ್ನತೋನ್ನತ ಆಕಾಶವೂ ನಿನಗೆ ಸಾಲದು, ಇನ್ನು ಈ ಮನೆ ಎಷ್ಟರದು ಅನ್ನುತ್ತಾನೆ. ಯೋಹಾನ 2:21ರಲ್ಲಿ ದೇವಾಲಯ ಯೇಸುವಿನ ದೇಹ. 1 ಕೊರಿಂಥ 3:16ರಲ್ಲಿ ಸಭೆ, 6:19ರಲ್ಲಿ ವಿಶ್ವಾಸಿಯ ದೇಹ. ಪ್ರಕಟನೆ 21:22ಕ್ಕೆ ಬಂದರೆ ದೇವಾಲಯವೇ ಇಲ್ಲ.

ವಿಡಿಯೋ ಪಾಠಗಳಲ್ಲಿ ನೋಡಿದರೆ ಗುಡಾರದ (ಮೋಶೆಯ ಕಾಲದ, ಕಳಚಿ ಹೊತ್ತೊಯ್ಯುವ ಆಲಯ) ಪ್ರತಿ ಕೊಂಡಿಗೂ ಪ್ರತಿ ಬಣ್ಣಕ್ಕೂ ಒಂದೊಂದು ಅರ್ಥ ಹಚ್ಚಿದ್ದಾರೆ. ಅದನ್ನೆಲ್ಲ ಕಲಿಸಬೇಕಾ? ಎಲ್ಲಿಂದ ಶುರು ಮಾಡೋದು ಒಳ್ಳೆಯದು?

ಬೆಥೆಲ್
ಇಬ್ರಿಯ ಪತ್ರಿಕೆ 8ರಿಂದ 10. ಉತ್ತರ ಎಲ್ಲಾ ಅಲ್ಲೇ ಇದೆ. ಬೇರೆ ಕಡೆ ಅಲೆಯಬೇಡಿ.

ಜಾಲಿಮರ
ಬೆಥೆಲ್ ಬ್ರದರ್, ಲೆಕ್ಕ ಬಿಡಿಸೋಕೆ ಮೊದಲೇ ಪುಸ್ತಕದ ಹಿಂದಿನ ಉತ್ತರ ನೋಡಿದ ಹಾಗಾಗುತ್ತೆ ಅದು. ಇಬ್ರಿಯ ಪತ್ರಿಕೆ ಬರೆದವನು ಓದುಗರಿಗೆ ವಿಮೋಚನಕಾಂಡ 25-40, ಯಾಜಕಕಾಂಡ 16 ಬಾಯಿಪಾಠ ಅಂತಲೇ ಇಟ್ಟುಕೊಂಡು ಬರೆದಿದ್ದಾನೆ. "ಇವುಗಳನ್ನು ಈಗ ಒಂದೊಂದಾಗಿ ವಿವರಿಸಲಾಗುವುದಿಲ್ಲ" ಅಂತ 9:5ರಲ್ಲಿ ಕೈಯೇ ಎತ್ತಿಬಿಡುತ್ತಾನೆ. ಹಾಗಾಗಿ ಗುಡಾರ ಮೊದಲು.

ಗುಡಾರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಈ ವಸ್ತುವಿನ ಅರ್ಥ ಏನು" ಅಲ್ಲ, "ಯಾರು ಎಲ್ಲಿಯವರೆಗೆ ಹೋಗಬಹುದು" ಅನ್ನೋದು. ಪಾಳೆಯದಲ್ಲಿ ಇಸ್ರಾಯೇಲ್ಯರು ಎಲ್ಲರೂ. ಅಂಗಳದೊಳಗೆ ಶುದ್ಧನಾಗಿ ಕಾಣಿಕೆ ತಂದವನು. ಪವಿತ್ರಸ್ಥಾನಕ್ಕೆ ಯಾಜಕರು ಮಾತ್ರ, ಅದೂ ಸೇವೆಗಾಗಿ. ಮಹಾಪವಿತ್ರಸ್ಥಾನಕ್ಕೆ ಮಹಾಯಾಜಕ ಒಬ್ಬನೇ, ವರ್ಷಕ್ಕೆ ಒಂದೇ ದಿನ, ರಕ್ತವಿಲ್ಲದೆ ಇಲ್ಲ.

ಸಾಮಗ್ರಿಯೂ ಇದೇ ಕ್ರಮ ಹಿಡಿಯುತ್ತದೆ. ಅಂಗಳದ ಕಂಬಗಳ ಬುಡ ತಾಮ್ರ. ಗುಡಾರದ ಹಲಗೆಗಳ ಬುಡ ಬೆಳ್ಳಿ. ಒಳಗಿನ ಸಾಮಾನೆಲ್ಲ ಬಂಗಾರ. ಬಟ್ಟೆ ನೋಡಿ: ಬಾಗಿಲ ಪರದೆಗೆ ನೀಲಿ, ಧೂಮ್ರ, ಕಡುಗೆಂಪು ದಾರದ ಕಸೂತಿ ಇದೆ, ಕೆರೂಬಿಗಳು (ರೆಕ್ಕೆಯುಳ್ಳ ಕಾವಲು ಜೀವಿಗಳು) ಇಲ್ಲ (ವಿಮೋಚನಕಾಂಡ 26:36). ಮಹಾಪವಿತ್ರಸ್ಥಾನದ ಮುಂದಿನ ತೆರೆಗೆ ಬಂದಾಗ ಕೆರೂಬಿಗಳು ಬರುತ್ತವೆ (26:31). ಆದಿಕಾಂಡ 3:24ರಲ್ಲಿ ಏದೆನ್ ತೋಟದ ಪೂರ್ವದಲ್ಲಿ ಜೀವವೃಕ್ಷದ ದಾರಿ ಕಾಯಲು ನಿಂತವರು ಇವರೇ. ಗುಡಾರದ ಬಾಗಿಲೂ ಪೂರ್ವಕ್ಕೇ. ಅಂದರೆ ಒಳಗೆ ಹೋಗುವ ಯಾಜಕ ಆದಾಮನನ್ನು ಹೊರಹಾಕಿದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಿದ್ದಾನೆ. ಇದು ಹೊಳೆದ ಮೇಲೆ ಬಣ್ಣಗಳ ಪಟ್ಟಿ ಬೇಕಾಗೋದಿಲ್ಲ.

ಸಂದೇಹಿ_ತೋಮ
> ಬಣ್ಣಗಳ ಪಟ್ಟಿ ಬೇಕಾಗೋದಿಲ್ಲ

ಯಾಕೆ ಬೇಡ? ನೀಲಿ ಪರಲೋಕ, ಕೆಂಪು ರಕ್ತ, ಬಿಳಿ ಪರಿಶುದ್ಧತೆ. ತಲೆಮಾರುಗಳಿಂದ ಕಲಿಸಿದ್ದು ಇದನ್ನೇ ಅಲ್ವಾ.

ಜಾಲಿಮರ
ಕಲಿಸಿರಬಹುದು. ವಿಮೋಚನಕಾಂಡದಲ್ಲಿ ಎಲ್ಲೂ ಹಾಗೆ ಹೇಳಿಲ್ಲ, ಹೊಸ ಒಡಂಬಡಿಕೆಯಲ್ಲೂ ಇಲ್ಲ. ಅಶ್ಶೂರದ ಅಧಿಪತಿಗಳು ತೊಟ್ಟಿದ್ದೂ ನೀಲಿಯೇ (ಯೆಹೆಜ್ಕೇಲ 23:6), ಅದಕ್ಕೂ ಪರಲೋಕ ಅಂತ ಅರ್ಥ ಹಚ್ಚೋಣವಾ? ಆ ಬಣ್ಣಗಳು ದುಬಾರಿ, ಅರಮನೆಗೆ ಸಲ್ಲುವಂಥವು. ರಾಜ ಇಲ್ಲಿ ಇದ್ದಾನೆ ಅನ್ನೋದಕ್ಕೆ ಅಷ್ಟು ಸಾಕು.

ಅಳತೆಗೋಲು
ನಕ್ಷೆ ಬರೆಸಿ. ಬಾಯಲ್ಲಿ ಹೇಳಿದರೆ ಯಾರಿಗೂ ನಿಲ್ಲುವುದಿಲ್ಲ. ಒಂದು ಮೊಳಕ್ಕೆ ಒಂದು ಸೆಂಟಿಮೀಟರ್ ಹಿಡಿಯಿರಿ, ಎಲ್ಲವೂ ದೊಡ್ಡದೊಂದು ಹಾಳೆಯಲ್ಲಿ ಕೂರುತ್ತದೆ.

1. ಅಂಗಳ: 100 × 50. ಉದ್ದದ ಬದಿ ಪೂರ್ವ–ಪಶ್ಚಿಮ. ಸುತ್ತ ಪರದೆ, ಎತ್ತರ 5 ಮೊಳ. ಪೂರ್ವದಲ್ಲಿ ನಡುವೆ 20 ಮೊಳದ ಬಾಗಿಲು, ಅದರ ಎರಡೂ ಬದಿ 15-15.
2. ಗುಡಾರ: ಉದ್ದ 30. ಇದು ನೇರವಾಗಿ ಬರೆದಿಲ್ಲ. ಉತ್ತರ, ದಕ್ಷಿಣಕ್ಕೆ ತಲಾ 20 ಹಲಗೆ, ಒಂದೊಂದರ ಅಗಲ 1.5 ಮೊಳ, ಗುಣಿಸಿದರೆ 30. ಅಗಲ 10 ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಹಿಂಬದಿಗೆ 6 ಹಲಗೆ ಮತ್ತು ಮೂಲೆಗೆ 2, ಅದರ ಜೋಡಣೆಯಲ್ಲಿ ಮಾತ್ರ ಭಿನ್ನಾಭಿಪ್ರಾಯ ಇದೆ.
3. ಪಶ್ಚಿಮದ ತುದಿಯ 10 × 10 ಮಹಾಪವಿತ್ರಸ್ಥಾನ. ಎತ್ತರವೂ 10. ಘನಾಕಾರ. ಇದನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿಸಿ, ಮುಂದೆ ಬೇಕಾಗುತ್ತದೆ.
4. ಯಜ್ಞವೇದಿ 5 × 5, ಎತ್ತರ 3. ತಾಮ್ರದ ತೊಟ್ಟಿ ವೇದಿಗೂ ಗುಡಾರಕ್ಕೂ ನಡುವೆ (30:18). ತೊಟ್ಟಿಗೆ ಅಳತೆ ಕೊಟ್ಟಿಲ್ಲ.
5. ಮೇಜು 2 × 1, ಉತ್ತರಕ್ಕೆ. ದೀಪಸ್ತಂಭ ದಕ್ಷಿಣಕ್ಕೆ. ಅದಕ್ಕೂ ಅಳತೆ ಇಲ್ಲ, ತೂಕ ಮಾತ್ರ: ಒಂದು ತಲಾಂತು ಬಂಗಾರ, ಅಂದರೆ 30 ಕಿಲೋಗೂ ಮೇಲೆ. ಧೂಪವೇದಿ 1 × 1, ತೆರೆಯ ಮುಂದೆ.
6. ಮಂಜೂಷ (ಒಡಂಬಡಿಕೆಯ ಪೆಟ್ಟಿಗೆ) 2.5 × 1.5 × 1.5. ಮಹಾಪವಿತ್ರಸ್ಥಾನದ ಒಳಗೆ.

ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಒಂದು, ಮೇಜು ಮತ್ತು ದೀಪಸ್ತಂಭ ಅದಲು ಬದಲು. ಪೂರ್ವದಿಂದ ಒಳಗೆ ಹೋಗುವವನಿಗೆ ಉತ್ತರ ಬಲಗೈಗೆ ಬರುತ್ತದೆ, ಅಂದರೆ ಮೇಜು ಬಲಕ್ಕೆ, ದೀಪ ಎಡಕ್ಕೆ. ಇನ್ನೊಂದು, ಗುಡಾರವನ್ನು ಅಂಗಳದ ನಟ್ಟನಡುವೆ ಬರೆಯೋದು. ಅಂಗಳದಲ್ಲಿ ಅದರ ಸ್ಥಾನ ಎಷ್ಟು ಮೊಳ ಅಂತ ಹೇಳಿಲ್ಲ, ವೇದಿಗೂ ತೊಟ್ಟಿಗೂ ಮುಂದೆ ಜಾಗ ಬೇಕಾದ್ದರಿಂದ ಪಶ್ಚಿಮದ ಅರ್ಧಕ್ಕೆ ತಳ್ಳಿ ಬರೆಯೋದು ವಾಡಿಕೆ.

ಮೊಳ ಸುಮಾರು 45 ಸೆಂ.ಮೀ. ಹಾಗಾಗಿ ಇಡೀ ಗುಡಾರ 13.5 ಮೀಟರ್ ಉದ್ದ, 4.5 ಮೀಟರ್ ಅಗಲ. ಜನ ಇದನ್ನು ತುಂಬಾ ದೊಡ್ಡದು ಅಂದುಕೊಂಡಿರುತ್ತಾರೆ.

ಎರಡು_ಕಾಸು
ಅಳತೆಗೋಲು ಸರ್, ಬೆಳ್ಳಿ ಬುಡಗಳ ಲೆಕ್ಕ ಬಿಟ್ಟುಬಿಟ್ರಿ. ಇಡೀ ಗುಡಾರದಲ್ಲಿ ನನಗೆ ಅತಿ ಇಷ್ಟದ ಭಾಗ ಅದು.

ವಿಮೋಚನಕಾಂಡ 38:25-28. ಜನಗಣತಿಯಲ್ಲಿ 6,03,550 ಗಂಡಸರು. ತಲೆಗೆ ಅರ್ಧ ಶೆಕೆಲ್ ಬೆಳ್ಳಿ, ಬಡವನಿಗೆ ಕಡಿಮೆ ಇಲ್ಲ, ಶ್ರೀಮಂತನಿಗೆ ಹೆಚ್ಚಿಲ್ಲ (30:15). ಒಟ್ಟು 3,01,775 ಶೆಕೆಲ್. ತಲಾಂತಿಗೆ 3,000 ಶೆಕೆಲ್, ಅಂದರೆ 100 ತಲಾಂತು ಮತ್ತು ಉಳಿಕೆ 1,775. ಆ 100 ತಲಾಂತಿನಲ್ಲಿ 100 ಬುಡ ಎರಕ ಹೊಯ್ದರು: 48 ಹಲಗೆಗೆ ಎರಡೆರಡರಂತೆ 96, ತೆರೆಯ ನಾಲ್ಕು ಕಂಬಕ್ಕೆ 4. ಉಳಿದ 1,775ರಲ್ಲಿ ಅಂಗಳದ ಕಂಬಗಳ ಕೊಂಡಿ. ಒಂದು ಚೂರೂ ಪೋಲಾಗಿಲ್ಲ.

30:12ರಲ್ಲಿ ಆ ಬೆಳ್ಳಿಯನ್ನು ಪ್ರಾಣದ ಈಡು ಅಂತ ಕರೆದಿದೆ. ಗುಡಾರದ ಹಲಗೆಗಳು ನೆಲಕ್ಕೆ ತಾಗುವ ಜಾಗದಲ್ಲೆಲ್ಲ ಜನರ ವಿಮೋಚನಾ ಕ್ರಯ ನಿಂತಿದೆ. ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ, ನಿಮಗೆ ಬಿಡುಗಡೆಯಾದದ್ದು ಬೆಳ್ಳಿ ಬಂಗಾರದಿಂದಲ್ಲ ಅಂತ ಹೇಳಿ (1:18), ಮುಂದಿನ ಅಧ್ಯಾಯದಲ್ಲೇ ನೀವು ಜೀವವುಳ್ಳ ಕಲ್ಲುಗಳಾಗಿ ಕಟ್ಟಲ್ಪಡುತ್ತಿದ್ದೀರಿ ಅನ್ನುತ್ತಾನೆ (2:5). ಅವನ ತಲೆಯಲ್ಲಿ ಈ ಬುಡಗಳೇ ಇದ್ದವು ಅಂತ ಖಚಿತವಾಗಿ ಹೇಳಲಾಗದು. ಆದರೆ ಮನೆ ನಿಲ್ಲೋದು ಈಡಿನ ಮೇಲೆ ಅನ್ನೋ ಮಾತು ಎರಡೂ ಕಡೆ ಒಂದೇ.

ಸಂದೇಹಿ_ತೋಮ
ಅಲ್ಲಾ ಮಾರಾಯ್ರೇ, ಬಣ್ಣಕ್ಕೆ ಅರ್ಥ ಹಚ್ಚಬಾರದು, ಬೆಳ್ಳಿಗೆ ಹಚ್ಚಬಹುದಾ?

ಎರಡು_ಕಾಸು
ಬೆಳ್ಳಿಗೆ ಅರ್ಥ ಕೊಟ್ಟಿದ್ದು ಪಠ್ಯ. ಬಣ್ಣಕ್ಕೆ ಕೊಟ್ಟಿದ್ದು ವಿಡಿಯೋ. ವ್ಯತ್ಯಾಸ ಅಷ್ಟೇ.

ಲೇವಿಯ_7
😀

ದ್ರಾಕ್ಷಾಲತೆ
ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು, ಒಳಗೆ ಸತ್ತರೆ ಎಳೆದುಕೊಳ್ಳೋಕೆ, ಗಂಟೆ ಶಬ್ದ ನಿಂತರೆ ಗೊತ್ತಾಗುತ್ತಿತ್ತು. ಇದನ್ನೂ ಪಾಠದಲ್ಲಿ ಸೇರಿಸಿ, ಜನಕ್ಕೆ ಚೆನ್ನಾಗಿ ನಾಟುತ್ತೆ.

ಲೇವಿಯ_7
ದಯವಿಟ್ಟು ಸೇರಿಸಬೇಡಿ ಸಿಸ್ಟರ್. ಬೈಬಲಿನಲ್ಲಿ ಇಲ್ಲ, ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿಲ್ಲ, ಮಿಷ್ನಾದ (ಯೆಹೂದ್ಯ ಗುರುಗಳ ಹಳೆಯ ನಿಯಮಸಂಗ್ರಹ) ಯೋಮಾ ಭಾಗದಲ್ಲಿ ಆ ದಿನದ ಒಂದೊಂದು ಹೆಜ್ಜೆಯೂ ಇದೆ, ಅಲ್ಲೂ ಹಗ್ಗ ಇಲ್ಲ. ಹಗ್ಗದ ಮಾತು ಬರೋದು ಮಧ್ಯಯುಗದ ಯೆಹೂದ್ಯ ಅನುಭಾವಗ್ರಂಥ ಜೋಹರ್‌ನಲ್ಲಿ.

ಗಂಟೆಯ ಕಥೆಯೂ ನಿಲ್ಲುವುದಿಲ್ಲ. ಗೆಜ್ಜೆ ಇದ್ದದ್ದು ನೀಲಿ ನಿಲುವಂಗಿಯ ಅಂಚಿಗೆ (ವಿಮೋಚನಕಾಂಡ 28:33-35). ದೋಷಪರಿಹಾರಕ ದಿನ ಮಹಾಪವಿತ್ರಸ್ಥಾನಕ್ಕೆ ಹೋಗುವಾಗ ಆರೋನ ಅದನ್ನು ತೊಡುವುದೇ ಇಲ್ಲ. ಸಾದಾ ನಾರಿನ ಅಂಗಿ, ಚಡ್ಡಿ, ನಡುಕಟ್ಟು, ಮುಂಡಾಸು (ಯಾಜಕಕಾಂಡ 16:4). ಪಾಠಕ್ಕೆ ಬೇಕಾದದ್ದು ಈ ಬಟ್ಟೆಯ ವಿಷಯ. ಅತ್ಯಂತ ಒಳಗಿನ ಕೋಣೆಗೆ ಮಹಾಯಾಜಕ ತನ್ನ ವೈಭವವನ್ನೆಲ್ಲ ಕಳಚಿಟ್ಟು ಹೋಗುತ್ತಾನೆ.

ಆ ದಿನದ ಕ್ರಮ ಕಲಿಸುವುದಾದರೆ ಹೀಗೆ: ಮೊದಲು ತನಗೂ ತನ್ನ ಮನೆತನಕ್ಕೂ ಹೋರಿ. ಧೂಪದ ಹೊಗೆ ಕೃಪಾಸನವನ್ನು (ಮಂಜೂಷದ ಬಂಗಾರದ ಮುಚ್ಚಳ) ಮುಚ್ಚಬೇಕು, ಇಲ್ಲವಾದರೆ ಸಾಯುತ್ತಾನೆ (16:13). ಹೋರಿಯ ರಕ್ತ ಬೆರಳಿನಿಂದ ಕೃಪಾಸನದ ಮೇಲೆ, ಮತ್ತು ಅದರ ಮುಂದೆ ಏಳು ಸಾರಿ. ಆಮೇಲೆ ಜನರ ಪರವಾದ ಹೋತದ ರಕ್ತ ಅದೇ ರೀತಿ. ಚೀಟು ಬಿದ್ದ ಇನ್ನೊಂದು ಹೋತ ಜೀವಂತವಾಗಿ ಅರಣ್ಯಕ್ಕೆ. ತುಂಬಾ ಜನ ಎರಡು ಹೋತ ಹೇಳಿ ಹೋರಿ ಮರೆಯುತ್ತಾರೆ. ಹೋರಿ ಮರೆತರೆ ಇಬ್ರಿಯ 7:27ರ ವಾದವೇ ಬಿದ್ದುಹೋಗುತ್ತದೆ: ಆ ಯಾಜಕರು ಮೊದಲು ತಮ್ಮ ಪಾಪಕ್ಕಾಗಿ ಅರ್ಪಿಸಬೇಕಿತ್ತು, ಯೇಸುವಿಗೆ ಆ ಅಗತ್ಯ ಇರಲಿಲ್ಲ.

ಬೆಥೆಲ್
ಇಬ್ರಿಯ ಅಂದ್ರಲ್ಲ, 9:4ರಲ್ಲಿ ಚಿನ್ನದ ಧೂಪವೇದಿ ಮಹಾಪವಿತ್ರಸ್ಥಾನದ್ದು ಅಂತ ಇದೆ. ಅಳತೆಗೋಲು ಅವರು ತೆರೆಯ ಹೊರಗೆ ಬರೆಸಿದ್ದಾರೆ. ಯಾವುದು ಸರಿ?

ಅಳತೆಗೋಲು
ಜಾಗ ತೆರೆಯ ಮುಂದೆಯೇ, ವಿಮೋಚನಕಾಂಡ 30:6 ಸ್ಪಷ್ಟ. ದಿನಾ ಬೆಳಿಗ್ಗೆ ಸಂಜೆ ಧೂಪ ಹಾಕಬೇಕಾದ ವೇದಿ ಅದು, ವರ್ಷಕ್ಕೊಮ್ಮೆ ತೆರೆಯುವ ಕೋಣೆಯಲ್ಲಿ ಇಡೋಕೆ ಆಗೋದೇ ಇಲ್ಲ. ಆದರೆ ಅದರ ಕೆಲಸ ಒಳಕೋಣೆಗೆ ಸೇರಿದ್ದು. 1 ಅರಸುಗಳು 6:22 ಕೂಡ ಅದನ್ನು ಗರ್ಭಗೃಹಕ್ಕೆ ಸೇರಿದ ವೇದಿ ಅನ್ನುತ್ತದೆ. ಇಬ್ರಿಯದವನು ಎಲ್ಲಿತ್ತು ಅನ್ನೋದಕ್ಕಿಂತ ಯಾವುದಕ್ಕೆ ಸೇರಿತ್ತು ಅಂತ ಹೇಳುತ್ತಿದ್ದಾನೆ ಅಂತ ಓದಬಹುದು. ಬಹಳ ವ್ಯಾಖ್ಯಾನಕಾರರ ದಾರಿ ಇದು. ಎಲ್ಲರೂ ಒಪ್ಪಿಲ್ಲ.

ಪಾಠದ_ತಯಾರಿ
ಗುಡಾರ ಅರ್ಥವಾಯಿತು. ಹಾಗಾದರೆ ಸೊಲೊಮೋನನ ದೇವಾಲಯ ಅದರದ್ದೇ ದೊಡ್ಡ ರೂಪ ಅಂತ ಹೇಳಿ ಮುಂದೆ ಹೋಗಬಹುದಾ?

ಅಳತೆಗೋಲು
ಉದ್ದ, ಅಗಲದಲ್ಲಿ ಹೌದು, ಎರಡರಷ್ಟು. 60 × 20 ಮೊಳ, ಎತ್ತರ 30. ಒಳಕೋಣೆ 20 × 20 × 20, ಮತ್ತೆ ಘನ. ಏಳು ವರ್ಷ ಹಿಡಿಯಿತು (1 ಅರಸುಗಳು 6:38). ಗೋಡೆ ತುಂಬ ಕೆರೂಬಿ, ಖರ್ಜೂರದ ಮರ, ಹೂವಿನ ಕೆತ್ತನೆ, ಕಂಬದ ತಲೆಗೆ ದಾಳಿಂಬೆ. ಮತ್ತೆ ತೋಟವೇ.

ಒಂದು ಎಚ್ಚರಿಕೆ. ಅರಸುಗಳು ಮತ್ತು ಪೂರ್ವಕಾಲವೃತ್ತಾಂತದ ಅಂಕಿ ಬೆರೆಸಬೇಡಿ. ಎರಕದ ಕಡಲಿಗೆ (ಯಾಜಕರು ತೊಳೆದುಕೊಳ್ಳುವ ದೊಡ್ಡ ತೊಟ್ಟಿ) 1 ಅರಸುಗಳು 7:26ರಲ್ಲಿ 2,000 ಬತ್ (ದ್ರವದ ಅಳತೆ), 2 ಪೂರ್ವಕಾಲವೃತ್ತಾಂತ 4:5ರಲ್ಲಿ 3,000. ಕಂಬಗಳು ಒಂದು ಕಡೆ 18 ಮೊಳ, ಇನ್ನೊಂದು ಕಡೆ 35. ತರಗತಿಯಲ್ಲಿ ಯಾರಾದರೂ ಎರಡನ್ನೂ ತೆರೆದು ಕೂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ.

ಎರಡು_ಕಾಸು
ಅರ್ಥದಲ್ಲಿ ಮಾತ್ರ "ದೊಡ್ಡ ರೂಪ" ಅಂತ ಹೇಳಿ ದಾಟಬೇಡಿ. 2 ಸಮುವೇಲ 7ರಲ್ಲಿ ದಾವೀದ ಮನೆ ಕಟ್ಟುತ್ತೇನೆ ಅಂದಾಗ, ನಾನು ಯಾವಾಗ ಕೇಳಿದೆ ಅನ್ನುತ್ತಾನೆ ದೇವರು. ನೀನು ನನಗೆ ಕಟ್ಟೋದು ಇರಲಿ, ನಾನೇ ನಿನಗೆ ಮನೆ ಕಟ್ಟುತ್ತೇನೆ. ಗುಡಾರ ದೇವರು ಹೇಳಿ ಮಾಡಿಸಿದ್ದು, ದೇವಾಲಯ ಮನುಷ್ಯ ಕೇಳಿ ಅನುಮತಿ ಪಡೆದದ್ದು. ಆ ಎಳೆದಾಟ ಕೊನೆಯವರೆಗೂ ಇರುತ್ತೆ: ಯೆರೆಮೀಯ 7, ಯೆಶಾಯ 66:1, ಸ್ತೆಫನನ ಭಾಷಣ (ಅಪೊಸ್ತಲರ ಕೃತ್ಯಗಳು 7:48).

ನಿಮ್ಮ ಮೊದಲ ಪ್ರಶ್ನೆಗೂ ಇಲ್ಲೇ ದಾರಿ ಇದೆ. ಕಟ್ಟಡವನ್ನು ಬಿಟ್ಟು ಮೇಘವನ್ನು ಹಿಂಬಾಲಿಸಿ. ವಿಮೋಚನಕಾಂಡ 40:34ರಲ್ಲಿ ತೇಜಸ್ಸು ಗುಡಾರ ತುಂಬುತ್ತದೆ, ಮೋಶೆಗೇ ಒಳಗೆ ಹೋಗಲಾಗುವುದಿಲ್ಲ. 1 ಅರಸುಗಳು 8ರಲ್ಲಿ ದೇವಾಲಯ ತುಂಬುತ್ತದೆ. ಯೆಹೆಜ್ಕೇಲ 10-11ರಲ್ಲಿ ಅದು ಹಂತ ಹಂತವಾಗಿ ಹೊರಡುತ್ತದೆ: ಕೆರೂಬಿಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಪೂರ್ವದ ಬಾಗಿಲಿಗೆ, ಅಲ್ಲಿಂದ ಪಟ್ಟಣದ ಪೂರ್ವದ ಗುಡ್ಡಕ್ಕೆ. ಆಮೇಲೆ ಕ್ರಿ.ಪೂ. 586ರಲ್ಲಿ ಬಾಬೆಲಿನವರು ಸುಟ್ಟದ್ದು ಖಾಲಿ ಮನೆಯನ್ನು. ಅದೂ ಅಲ್ಲದೆ 11:16ರಲ್ಲಿ ದೇವರು, ಸೆರೆಹೋದವರಿಗೆ ಆ ದೇಶಗಳಲ್ಲಿ ನಾನೇ ಸ್ವಲ್ಪಕಾಲ ಪವಿತ್ರಾಲಯವಾಗಿದ್ದೇನೆ ಅನ್ನುತ್ತಾನೆ. "ದೇವರೇ ದೇವಾಲಯ" ಅನ್ನೋ ಪ್ರಕಟನೆ 21:22ರ ಮಾತಿಗೆ ಬೀಜ ಇಲ್ಲೇ ಬಿದ್ದಿದೆ.

ಇನ್ನು ಎಜ್ರ 6. ಸೆರೆಯಿಂದ ಮರಳಿದವರು ಕಟ್ಟಿದ ಎರಡನೇ ದೇವಾಲಯ ಪಾರಸಿಯ ರಾಜ ದಾರ್ಯಾವೆಷನ ಆರನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 515ರ ಹೊತ್ತಿಗೆ ಮುಗಿಯಿತು. ಪ್ರತಿಷ್ಠೆ, ಬಲಿ, ಸಂತೋಷ ಎಲ್ಲ ಇದೆ. ಮೇಘದ ಸುದ್ದಿ ಇಲ್ಲ. ಒಂದೇ ಒಂದು ವಚನವೂ ಇಲ್ಲ. ಮಂಜೂಷವೂ ಇರಲಿಲ್ಲ. ಮಿಷ್ನಾ ಪ್ರಕಾರ ಮಹಾಯಾಜಕ ಧೂಪಪಾತ್ರೆ ಇಡುತ್ತಿದ್ದದ್ದು ನೆಲದಿಂದ ಮೂರು ಬೆರಳು ಎತ್ತರದ ಒಂದು ಕಲ್ಲಿನ ಮೇಲೆ. ಕ್ರಿ.ಪೂ. 63ರಲ್ಲಿ ರೋಮಿನ ಪೊಂಪೇ ಒಳಗೆ ನುಗ್ಗಿದಾಗ ಅಲ್ಲಿ ವಿಗ್ರಹ ಕಾಣಲಿಲ್ಲ. ಆ ಖಾಲಿತನ ಇಟ್ಟುಕೊಂಡು ಯೋಹಾನ 1:14 ಓದಿ: ವಾಕ್ಯವು ನಮ್ಮ ಮಧ್ಯೆ ವಾಸಮಾಡಿತು, ಆತನ ಮಹಿಮೆಯನ್ನು ನೋಡಿದೆವು. ಆಮೇಲೆ ಅಪೊಸ್ತಲರ ಕೃತ್ಯಗಳು 2: ಗಾಳಿಯ ಸದ್ದು ಮನೆ ತುಂಬಿತು, ಬೆಂಕಿ ಬಂದು ಕೂತದ್ದು ಜನರ ಮೇಲೆ.

ಪಾಠದ_ತಯಾರಿ
ಇದು! ವಾರಗಳ ವಿಂಗಡಣೆ ಹೀಗೇ ಮಾಡಬಹುದು. ಧನ್ಯವಾದ ಎರಡು_ಕಾಸು ಅವರೇ.

ಸಂದೇಹಿ_ತೋಮ
ಚೆನ್ನಾಗಿದೆ, ಒಪ್ಪಿದೆ. ಆದರೆ ನೇರವಾಗಿ ಹೇಳಿ: ಯೇಸು ದೇವಾಲಯ ಬೇಡ ಅಂದನಾ? ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವಿದ್ದು ಅದಕ್ಕೇ ಅಲ್ವಾ? ವ್ಯಾಪಾರ ಮಾಡಿ ಹಾಳು ಮಾಡಿದ್ದರು, ಆತ ರದ್ದು ಮಾಡಿದ.

ಮೂಲೆಗಲ್ಲು
ಅಷ್ಟು ಸಲೀಸಾಗಿ ಮುಗಿಸಬೇಡಿ ತೋಮಣ್ಣ.

ವ್ಯಾಪಾರ ಇಲ್ಲದೆ ಬಲಿ ನಡೆಯುತ್ತಿರಲಿಲ್ಲ. ದೂರದಿಂದ ಬಂದವರು ದೋಷವಿಲ್ಲದ ಪ್ರಾಣಿಯನ್ನು ಅಲ್ಲೇ ಕೊಳ್ಳಬೇಕು. ಪಾರಿವಾಳ ಬಡವರ ಕಾಣಿಕೆ (ಯಾಜಕಕಾಂಡ 12:8), ಯೇಸುವಿನ ತಂದೆತಾಯಿ ಕೊಟ್ಟದ್ದೂ ಅದನ್ನೇ (ಲೂಕ 2:24). ವರ್ಷದ ಅರ್ಧ ಶೆಕೆಲ್ ತೆರಿಗೆಗೆ ತೂರಿನ ಬೆಳ್ಳಿ ನಾಣ್ಯ ಬೇಕಿತ್ತು, ಅದರ ಬೆಳ್ಳಿ ಶುದ್ಧ ಅಂತ. ಅದಕ್ಕೇ ಚಿನಿವಾರರು. ಹಾಗಾಗಿ ಮೇಜು ಕೆಡವಿದರೆ ಬರೀ ಲಾಭಕೋರತನಕ್ಕೆ ಪೆಟ್ಟಲ್ಲ, ಬಲಿಯ ವ್ಯವಸ್ಥೆಯೇ ಆ ಹೊತ್ತು ನಿಂತಂತೆ. ಮಾರ್ಕ 11ರಲ್ಲಿ ಈ ಘಟನೆಯನ್ನು ಒಣಗಿದ ಅಂಜೂರದ ಮರದ ಎರಡು ತುಂಡುಗಳ ನಡುವೆ ಇಟ್ಟಿರುವುದೂ ಆ ಕಡೆಗೇ ಬೊಟ್ಟು ಮಾಡುತ್ತದೆ.

ಆದರೆ ಆತ ಹೇಳಿದ ಮಾತು ನೋಡಿ. ಯೆಶಾಯ 56:7, ಎಲ್ಲಾ ಜನಾಂಗಗಳಿಗೂ ಪ್ರಾರ್ಥನಾಲಯ. ಅದು ಅನ್ಯದೇಶದವರನ್ನು ಒಳಗೆ ಕರೆಯುವ ಭಾಗ. ಜೊತೆಗೆ ಯೆರೆಮೀಯ 7:11, ಕಳ್ಳರ ಗವಿ. ಗವಿಯಲ್ಲಿ ಕಳ್ಳತನ ನಡೆಯುವುದಿಲ್ಲ ಸ್ವಾಮಿ, ಹೊರಗೆ ಕದ್ದು ಬಂದವರು ಅಡಗುವ ಜಾಗ ಅದು. ಯೆರೆಮೀಯ ಬೈದದ್ದು ಅನಾಥರನ್ನೂ ವಿಧವೆಯರನ್ನೂ ಹಿಂಸಿಸಿ ಬಂದು "ಇದು ಯೆಹೋವನ ಆಲಯ" ಅಂತ ಮೂರು ಸಾರಿ ಹೇಳಿ ಕ್ಷೇಮ ಅಂದುಕೊಂಡವರನ್ನು.

ರದ್ದು ಮಾಡಿದ್ದರೆ ಶಿಷ್ಯರಿಗೆ ಗೊತ್ತಾಗಿರಬೇಕಿತ್ತು. ಅವರು ದಿನಾ ದೇವಾಲಯಕ್ಕೆ ಹೋಗುತ್ತಲೇ ಇದ್ದರು (ಅಪೊಸ್ತಲರ ಕೃತ್ಯಗಳು 2:46, 3:1). ಪೌಲ ಅಲ್ಲೇ ಶುದ್ಧೀಕರಣ ಮಾಡಿಸಿಕೊಂಡ (21:26). ಲೂಕನ ಸುವಾರ್ತೆ ಜಕರೀಯನ ಧೂಪದಿಂದ ಶುರುವಾಗಿ ದೇವಾಲಯದಲ್ಲಿ ಸ್ತೋತ್ರ ಮಾಡುವ ಶಿಷ್ಯರಲ್ಲಿ ಮುಗಿಯುತ್ತದೆ. "ದೇವರು ಯೆಹೂದ್ಯರನ್ನು ತಳ್ಳಿಬಿಟ್ಟ" ಅನ್ನೋ ಸಾಲನ್ನು ಪಾಠದಲ್ಲಿ ನುಸುಳಲು ಬಿಡಬೇಡಿ, ರೋಮಾಪುರ 11:1 ಅದನ್ನೇ ಅಲ್ಲಗಳೆಯುತ್ತದೆ.

ದ್ರಾಕ್ಷಾಲತೆ
ಯೇಸು ಸತ್ತಾಗ ದೇವಾಲಯದ ತೆರೆ ಹರಿದದ್ದು? ಅದು ರದ್ದತಿ ಅಲ್ವಾ? ಅದು ಒಂದು ಗೇಣು ದಪ್ಪ ಇತ್ತಂತೆ, ಕುದುರೆ ಕಟ್ಟಿ ಎಳೆದರೂ ಹರಿಯುತ್ತಿರಲಿಲ್ಲವಂತೆ.

ಲೇವಿಯ_7
ಮಿಷ್ನಾದಲ್ಲಿ (ಶೆಕಾಲಿಂ 8:5) ಇರೋದು ಒಂದು ಅಂಗೈ ಅಗಲ ದಪ್ಪ, 40 ಮೊಳ ಉದ್ದ, 20 ಅಗಲ, ತೊಳೆಯೋಕೆ 300 ಯಾಜಕರು. ಇದು ಉತ್ಪ್ರೇಕ್ಷೆ ಅಂತ ತಾಲ್ಮೂದಿನಲ್ಲೇ (ಮಿಷ್ನಾದ ಮೇಲೆ ಯೆಹೂದ್ಯ ಗುರುಗಳ ಚರ್ಚೆ) ಹೇಳಿದ್ದಾರೆ. ಕುದುರೆ ಕಥೆಗೆ ಆ ಆಧಾರವೂ ಇಲ್ಲ. ಸುವಾರ್ತೆಗಳಿಗೆ ದಪ್ಪದ ಗೊಡವೆ ಇಲ್ಲ, ಮಾರ್ಕ 15:38 ಹೇಳೋದು ಮೇಲಿನಿಂದ ಕೆಳಗಿನವರೆಗೆ ಅಂತ ಮಾತ್ರ.

ಬೆಥೆಲ್
ಯಾವ ತೆರೆ ಅನ್ನೋದೇ ಪ್ರಶ್ನೆ. ಹೆರೋದ ರಾಜ ಹೊಸದಾಗಿ ಕಟ್ಟಿಸಿದ, ಯೇಸುವಿನ ಕಾಲದ ದೇವಾಲಯದಲ್ಲಿ ಹೊರಬಾಗಿಲಿಗೂ ದೊಡ್ಡ ಬಾಬೆಲಿನ ಪರದೆ ಇತ್ತು, ಅದರಲ್ಲಿ ಆಕಾಶಮಂಡಲದ ಚಿತ್ರ ಇತ್ತು ಅಂತ ಜೋಸೆಫಸ್ ಬರೆದಿದ್ದಾನೆ. ಯಾರಾದರೂ ಹೊರಗಿನಿಂದ ನೋಡಬೇಕಾದರೆ ಅದೇ ಆಗಿರಬೇಕು.

ಜಾಲಿಮರ
ಇಬ್ರಿಯ 10:19-20 ಓದುವವರಿಗೆ ಒಳಗಿನದೇ. ಹೊರಗಿನದು ಅಂತ ಓದುವವರು ಮಾರ್ಕ 1:10ನ್ನು ಜೊತೆಗಿಡುತ್ತಾರೆ: ದೀಕ್ಷಾಸ್ನಾನದಲ್ಲಿ ಆಕಾಶ ಹರಿಯಿತು, ಮರಣದಲ್ಲಿ ಆಕಾಶದ ಚಿತ್ರವಿದ್ದ ಪರದೆ ಹರಿಯಿತು. ಮಾರ್ಕ ಎರಡಕ್ಕೂ ಉತ್ತರ ಹೇಳದೆ ಬಿಟ್ಟಿದ್ದಾನೆ. ತರಗತಿಯಲ್ಲಿ ಎರಡನ್ನೂ ಇಟ್ಟು ಬಿಡಿ. ಯಾವ ಪರದೆಯಾದರೂ ಅದು "ಇಲ್ಲಿಂದ ಮುಂದೆ ಬೇಡ" ಅನ್ನೋ ಗೆರೆ.

ಗೆರೆ ಅಂದಾಗ, ಇನ್ನೊಂದು ಗೆರೆ ಕಲ್ಲಿನದು. ಹೆರೋದನ ದೇವಾಲಯದಲ್ಲಿ ಹೊರ ಅಂಗಳಕ್ಕೂ ಒಳ ಅಂಗಳಕ್ಕೂ ನಡುವೆ ತಗ್ಗಿನ ಗೋಡೆ ಇತ್ತು, ಎತ್ತರ ಮೂರು ಮೊಳ ಅಂತ ಜೋಸೆಫಸ್. ಅದರಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಫಲಕಗಳು. 1871ರಲ್ಲಿ ಒಂದು ಗ್ರೀಕ್ ಫಲಕ ಇಡಿಯಾಗಿ ಸಿಕ್ಕಿತು, ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಅನ್ಯಜನಾಂಗದವನು ಒಳಗೆ ಬರಕೂಡದು, ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ ಅಂತ ಅದರ ಸಾರ. ಅಪೊಸ್ತಲರ ಕೃತ್ಯಗಳು 21:28-29ರಲ್ಲಿ ಪೌಲನ ಮೇಲೆ ಗುಂಪು ಬಿದ್ದದ್ದು ಇದಕ್ಕೇ, ಎಫೆಸದ ತ್ರೊಫಿಮನನ್ನು ಒಳಗೆ ಕರೆತಂದ ಅಂತ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ, ನಡುವೆ ಇದ್ದ ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದ ಅಂತ ಬರುತ್ತದೆ (2:14), ಅಲ್ಲಿಂದ ಎಂಟು ವಚನದೊಳಗೆ ಯೆಹೂದ್ಯರೂ ಅನ್ಯರೂ ಸೇರಿ ಒಂದೇ ದೇವಾಲಯವಾಗಿ ಬೆಳೆಯುತ್ತಾರೆ. ಈ ಕಲ್ಲಿನ ಗೋಡೆಯನ್ನೇ ನೆನೆದು ಬರೆದದ್ದಾ ಅನ್ನೋದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ.

ದ್ರಾಕ್ಷಾಲತೆ
1 ಕೊರಿಂಥ 6:19 ಯಾರೂ ಮುಟ್ಟಿಲ್ಲ. ದೇಹ ದೇವಾಲಯ, ಅದಕ್ಕೇ ಬೀಡಿ ಸಿಗರೇಟು ಬೇಡ, ಹಚ್ಚೆ ಬೇಡ, ಸರಿಯಾಗಿ ಊಟ ಮಾಡಿ. ಇದು ಎಲ್ಲರಿಗೂ ಬೇಕಾದ ಪಾಠ.

ಮೂಲೆಗಲ್ಲು
ಸಿಗರೇಟು ಬಿಡಿಸೋಕೆ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ, ಈ ವಚನ ಅದಕ್ಕೆ ಬರೆದದ್ದಲ್ಲ. 6:12ರಿಂದ 20 ಪೂರ್ತಿ ಓದಿದರೆ ವಿಷಯ ಜಾರತ್ವ. ಹೊಟ್ಟೆಗೆ ಊಟ, ಊಟಕ್ಕೆ ಹೊಟ್ಟೆ, ದೇಹ ಹೇಗಿದ್ದರೂ ಅಳಿಯುವಂಥದ್ದು ಅಂತ ಕೊರಿಂಥದವರ ವಾದ. ಪೌಲನ ಉತ್ತರ: ಈ ದೇಹ ಎದ್ದು ಬರುತ್ತದೆ (6:14), ಕ್ರಿಸ್ತನ ಅಂಗ, ಕ್ರಯಕ್ಕೆ ಕೊಂಡದ್ದು, ಪವಿತ್ರಾತ್ಮನ ಆಲಯ. ಅದನ್ನು ಸೂಳೆಗೆ ಕೂಡಿಸಬೇಡಿ.

3:16ನ್ನು ಇದಕ್ಕೆ ಬೆರೆಸೋದು ಇನ್ನೊಂದು ತಪ್ಪು. ಅಲ್ಲಿ ಸಂದರ್ಭ ಪೌಲನ ಕಡೆ, ಅಪೊಲ್ಲೋಸನ ಕಡೆ, ಕೇಫನ ಕಡೆ ಅಂತ ಒಡೆದ ಸಭೆ. ಅಸ್ತಿವಾರ ಒಂದು, ಕಟ್ಟುವವರು ಹಲವರು. ಚಿನ್ನ ಬೆಳ್ಳಿಯಲ್ಲೂ ಕಟ್ಟಬಹುದು, ಹುಲ್ಲು ಆಪಿನಲ್ಲೂ ಕಟ್ಟಬಹುದು. "ದೇವಾಲಯವನ್ನು ಕೆಡಿಸುವವನನ್ನು ದೇವರು ಕೆಡಿಸುವನು" ಅನ್ನೋದು ಸಭೆ ಒಡೆಯುವ ನಾಯಕರಿಗೆ. ಆತ್ಮಹತ್ಯೆ ಮಾಡಿಕೊಂಡವರ ಮನೆಯವರ ಮುಂದೆ ಈ ವಚನ ಹೇಳುವವರಿದ್ದಾರೆ. ಅದು ಪೂರಾ ತಪ್ಪು ಬಳಕೆ, ಕ್ರೂರವೂ ಹೌದು.

ಸಮುದಾಯವೇ ಆಲಯ ಅನ್ನೋ ಕಲ್ಪನೆ ಕ್ರೈಸ್ತರೇ ಹುಟ್ಟುಹಾಕಿದ್ದೂ ಅಲ್ಲ. ಮೃತಸಮುದ್ರದ ಬಳಿ ಸಿಕ್ಕ ಕುಮ್ರಾನಿನ ಸುರುಳಿಗಳಲ್ಲಿ ಒಂದು ಯೆಹೂದ್ಯ ಪಂಥದವರು ತಮ್ಮ ಮಂಡಳಿಯನ್ನೇ ಇಸ್ರಾಯೇಲಿಗೆ ಪವಿತ್ರ ಮನೆ ಅಂತ ಕರೆದಿದ್ದಾರೆ. ಪೌಲನಲ್ಲಿ ಹೊಸದು ಅನ್ಯಜನರನ್ನೂ ಅದರ ಕಲ್ಲುಗಳಾಗಿ ಸೇರಿಸಿದ್ದು.

ದ್ರಾಕ್ಷಾಲತೆ
ಸರಿ, ಹಚ್ಚೆಯ ವಿಷಯ ಬಿಡ್ತೀನಿ. ಸಿಗರೇಟು ಬಿಡಲ್ಲ.

ಲೇವಿಯ_7
"ಸಿಗರೇಟು ಬಿಡಲ್ಲ" ಅನ್ನೋದನ್ನ ಸಿಸ್ಟರ್ ಇನ್ನೊಮ್ಮೆ ಓದಿ ನೋಡಬೇಕು 😀

ಬೆಥೆಲ್
ಮುಂದೆ ಕಟ್ಟಲಿರುವ ಮೂರನೇ ದೇವಾಲಯದ ಬಗ್ಗೆ ಯಾಕೆ ಮೌನ? ಯೆಹೆಜ್ಕೇಲ 40-48ರಲ್ಲಿ ಅಳತೆ ಸಮೇತ ಇದೆ. 2 ಥೆಸಲೊನೀಕ 2:4ರಲ್ಲಿ ಅಧರ್ಮಸ್ವರೂಪನು ದೇವಾಲಯದಲ್ಲಿ ಕೂರುತ್ತಾನೆ. ಕಟ್ಟದೆ ಹೇಗೆ ಕೂರೋದು? ಕಟ್ಟಡ ಬರುತ್ತೆ.

ಮೂಲೆಗಲ್ಲು
ಪೌಲ ಅದನ್ನು ಬರೆದಾಗ ಯೆರೂಸಲೇಮಿನಲ್ಲಿ ದೇವಾಲಯ ನಿಂತೇ ಇತ್ತು, ಅದು ಬಿದ್ದದ್ದು ಕ್ರಿ.ಶ. 70ರಲ್ಲಿ. ಹಾಗಾಗಿ ಇನ್ನೊಂದು ಕಟ್ಟಲೇಬೇಕು ಅನ್ನೋದು ಆ ವಚನದಿಂದ ಹೊರಡುವುದಿಲ್ಲ.

ಯೆಹೆಜ್ಕೇಲನದು ಗಟ್ಟಿ ಪ್ರಶ್ನೆ, ಒಪ್ಪುತ್ತೇನೆ. ಅಕ್ಷರಶಃ ಕಟ್ಟಡ ಅಂತ ಓದುವವರು 43:19 ಮತ್ತು 45:17ರ ದೋಷಪರಿಹಾರಕ ಯಜ್ಞಗಳಿಗೆ ಉತ್ತರ ಕೊಡಬೇಕು, ಯಾಕೆಂದರೆ ಇಬ್ರಿಯ 10:18 ಇನ್ನು ಪಾಪಕ್ಕಾಗಿ ಅರ್ಪಣೆ ಇಲ್ಲ ಅನ್ನುತ್ತದೆ. ಅವರ ಉತ್ತರ: ಅವು ಸ್ಮರಣಾರ್ಥ. ಸಾಂಕೇತಿಕ ಅಂತ ಓದುವವರು ಅಷ್ಟೊಂದು ಅಳತೆ ಯಾಕೆ ಅನ್ನೋದಕ್ಕೆ ಉತ್ತರ ಕೊಡಬೇಕು. ಅವರು ತೋರಿಸೋದು 47ನೇ ಅಧ್ಯಾಯ: ಹೊಸ್ತಿಲ ಕೆಳಗಿನಿಂದ ನೀರು, 1,000 ಮೊಳಕ್ಕೆ ಹರಡು, ಇನ್ನೊಂದು 1,000ಕ್ಕೆ ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಈಜಬೇಕಾದ ಹೊಳೆ. ಉಪನದಿ ಒಂದೂ ಸೇರದೆ ಹೊಳೆ ಹೀಗೆ ಬೆಳೆಯುವುದಿಲ್ಲ. ಅಂದಹಾಗೆ ಅದೇ ನೀರು ಯೋಹಾನ 7:38ರಲ್ಲೂ ಪ್ರಕಟನೆ 22:1ರಲ್ಲೂ ಹರಿಯುತ್ತದೆ, ಎರಡು ಕಡೆಯೂ ಕಟ್ಟಡ ಇಲ್ಲ.

ಬೆಥೆಲ್
ಅಳತೆ ಇದ್ದ ಮೇಲೆ ಕಟ್ಟಡವೇ. ನಾನು ಒಪ್ಪೋದಿಲ್ಲ.

ನಿರ್ವಾಹಕ
ಅಂತ್ಯಕಾಲದ ಚರ್ಚೆಗೆ ಬೇರೆ ಎಳೆ ಇದೆ. ಅಲ್ಲಿ ಮುಂದುವರಿಸಿ. ಇಲ್ಲಿ ವಿಷಯಕ್ಕೆ ಬನ್ನಿ.

ಸಂದೇಹಿ_ತೋಮ
ವಿಷಯಕ್ಕೇ ಬಂದೆ. ಎಲ್ಲರೂ ದೇವಾಲಯ ಆದರೆ ಚರ್ಚ್ ಕಟ್ಟಡ ಯಾಕೆ? ಅದನ್ನೂ ದೇವಾಲಯ ಅಂತೀವಿ.

ಲೇವಿಯ_7
ಮೊದಲ ತಲೆಮಾರು ಕೂಡಿದ್ದು ಮನೆಗಳಲ್ಲಿ (ರೋಮಾಪುರ 16:5, ಫಿಲೆಮೋನ 2). ಸಿರಿಯದ ದೂರಾ ಯೂರೋಪೋಸಿನಲ್ಲಿ ಅಗೆದಾಗ ಸಿಕ್ಕಿದ್ದು 3ನೇ ಶತಮಾನದ ಒಂದು ಮನೆ: ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಸಭಾಕೋಣೆ ಮಾಡಿದ್ದಾರೆ, ಇನ್ನೊಂದರಲ್ಲಿ ದೀಕ್ಷಾಸ್ನಾನದ ತೊಟ್ಟಿ. ಮುಂದೆ ಪಂಗಡಗಳು ಬೇರೆ ಬೇರೆ ದಾರಿ ಹಿಡಿದವು. ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಮೂರು ಭಾಗ, ಅತಿ ಒಳಗೆ ಮಂಜೂಷವನ್ನು ಪ್ರತಿನಿಧಿಸುವ ತಾಬೋತ್ ಹಲಗೆ, ಅಲ್ಲಿಗೆ ಯಾಜಕವರ್ಗ ಮಾತ್ರ. ಕ್ಯಾಥೊಲಿಕರಲ್ಲಿ ಬಲಿಪೀಠ, ಪ್ರಸಾದದ ಪೆಟ್ಟಿಗೆ. ಅಂತಿಮದಿನಗಳ ಸಂತರ (ಮಾರ್ಮನ್) ಪಂಗಡದಲ್ಲಿ ವಾರದ ಆರಾಧನೆಯ ಕಟ್ಟಡ ಬೇರೆ, ದೇವಾಲಯ ಬೇರೆ. ಹಲವು ಪ್ರೊಟೆಸ್ಟೆಂಟರಿಗೆ ಕಟ್ಟಡ ಬರೀ ಕೂಡುವ ಜಾಗ, ಬೀಗ ಹಾಕಿದ ಮೇಲೆ ಅದರಲ್ಲಿ ಪವಿತ್ರ ಅನ್ನೋದು ಏನೂ ಇಲ್ಲ. ಇವರೆಲ್ಲರೂ ಓದುವುದು ಇದೇ ಪಠ್ಯಗಳನ್ನು.

ಪಾಠದ_ತಯಾರಿ
ಕೊನೆಯ ವಾರಕ್ಕೆ ಪ್ರಕಟನೆ 21. ಅಳತೆಗೋಲು ಸರ್, "ಮುಂದೆ ಬೇಕಾಗುತ್ತದೆ" ಅಂದಿದ್ರಿ.

ಅಳತೆಗೋಲು
21:16. ಹೊಸ ಯೆರೂಸಲೇಮಿನ ಉದ್ದ, ಅಗಲ, ಎತ್ತರ ಮೂರೂ ಸಮ, 12,000 ಸ್ತಾದಿಯ, ಸುಮಾರು 2,200 ಕಿಲೋಮೀಟರ್. ಬೈಬಲಿನಲ್ಲಿ ಪವಿತ್ರವಾದ ಘನಾಕಾರದ ಕೋಣೆ ಅಂದರೆ ಒಂದೇ. 10 ಮೊಳ ಇದ್ದದ್ದು 20 ಆಯಿತು, ಕೊನೆಗೆ ಇಡೀ ಪಟ್ಟಣವೇ ಆ ಕೋಣೆ. ಅದಕ್ಕೇ 22ನೇ ವಚನದಲ್ಲಿ ದೇವಾಲಯ ಕಾಣದೆ ಇದ್ದದ್ದು: ಪಟ್ಟಣದಲ್ಲಿ ಎಲ್ಲಿ ನಿಂತರೂ ಮಹಾಪವಿತ್ರಸ್ಥಾನದೊಳಗೇ ನಿಂತಂತೆ. 22:4ರಲ್ಲಿ ಎಲ್ಲರ ಹಣೆಯ ಮೇಲೂ ಆತನ ಹೆಸರು ಇರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಹಣೆಯ ಮೇಲೆ ಆ ಹೆಸರಿನ ಬಂಗಾರದ ಪಟ್ಟಿ ಕಟ್ಟುತ್ತಿದ್ದದ್ದು ಮಹಾಯಾಜಕ ಒಬ್ಬನೇ (ವಿಮೋಚನಕಾಂಡ 28:36-38).

ದ್ರಾಕ್ಷಾಲತೆ
ಗೋಡೆ 144 ಮೊಳ ಅಂತ ಇದೆಯಲ್ಲ 21:17ರಲ್ಲಿ, 2,200 ಕಿಲೋಮೀಟರ್ ಎತ್ತರದ ಪಟ್ಟಣಕ್ಕೆ 65 ಮೀಟರ್ ಗೋಡೆಯಾ?

ಅಳತೆಗೋಲು
144 ಎತ್ತರವೋ ದಪ್ಪವೋ ಅಂತ ಮೂಲದಲ್ಲಿ ಹೇಳಿಲ್ಲ. ಯಾವುದಾದರೂ ರಕ್ಷಣೆಗೆ ಸಾಲುವ ಗೋಡೆ ಅಲ್ಲ, ಬಾಗಿಲುಗಳನ್ನೂ ಮುಚ್ಚೋದಿಲ್ಲವಂತೆ (21:25). 12 × 12 ಅಂತ ಓದಿ ಮುಂದೆ ಹೋಗಿ.

ಸಂದೇಹಿ_ತೋಮ
ಓಹೋ, ಈಗ ಅಂಕಿಗೂ ಅರ್ಥ ಹಚ್ಚಬಹುದು!

ಅಳತೆಗೋಲು
ಬಾಗಿಲು 12, ಕುಲ 12, ಅಸ್ತಿವಾರ 12, ಅಪೊಸ್ತಲರು 12. ಹಚ್ಚಿದ್ದು ಯೋಹಾನ ತೋಮಣ್ಣ, ನಾನಲ್ಲ.